ನೀರು ಕಾಯುವವಳಾಗಿ ಒಂದು ಹಗಲು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲಗಂಗಮ್ಮನವರು. ಸೋಮವಾರದ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಮೊರ ಮುಂದಿಟ್ಟುಕೊಂಡು ಕೂರುತ್ತಿದ್ದರು. ಬೇಳೆಯೊಳಗಿನ ಕಲ್ಲು ಆರಿಸುತ್ತಾ ಆರಿಸುತ್ತಾ ಹೇಳುತ್ತಿದ್ದರು. ಕಲ್ಲು ಸಿಕ್ಕಾಗ ಕಥೆ ನಿಲ್ಲುತ್ತಿತ್ತು, ಕಲ್ಲು ಬಿಸಾಡಿದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಅವರಿಗೆ ಯಾರು ಹೇಳಿದ್ದರೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶಿವ ಕೊಟ್ಟ ನೆನಪು ಇರುವಷ್ಟರಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದಿಡುತ್ತಿದ್ದೇನೆ.

ಒಂದು ಊರಿತ್ತು. ಊರ ಸುತ್ತ ಗೋಡೆ, ಗೋಡೆಗೆ ಒಂದೇ ಬಾಗಿಲು, ಬಾಗಿಲ ಪಕ್ಕದಲ್ಲಿ ಒಂದು ಕಿಂಡಿ. ಸರಕು ಕಿಂಡಿಯಲ್ಲಿ ಬರುತ್ತಿತ್ತು, ಕಿಂಡಿಯಲ್ಲೇ ಹೋಗುತ್ತಿತ್ತು. ಮನುಷ್ಯರು ಒಳಗೆ ಬರಬೇಕಾದರೆ ಮಾತ್ರ ಚಾವಡಿಯ ಅಪ್ಪಣೆ ಬೇಕಿತ್ತು. ಹೊರಗೆ ಹೋಗುವವರನ್ನು ಯಾರೂ ತಡೆಯುತ್ತಿರಲಿಲ್ಲ. ಹೋದವರು ಆ ಗಳಿಗೆಯಿಂದ ಹೊರಗಿನವರಾಗುತ್ತಿದ್ದರು, ಅಷ್ಟೇ. ಹಾಗಾಗಿ ಹೋಗುವವರೇ ಇರಲಿಲ್ಲ.

ಆ ಊರಿಗೆ ಅರಸನಿರಲಿಲ್ಲ. ವರ್ಷಕ್ಕೊಂದು ವಿಷಯ ಚಾವಡಿಗೆ ಬರುತ್ತಿತ್ತು, ಒಬ್ಬರ ಬಾಯಲ್ಲಿ ಅದು ತೀರ್ಮಾನವಾಗುತ್ತಿತ್ತು. ಆ ಒಬ್ಬರು ಸರದಿಯಲ್ಲಿ ಬರುತ್ತಿದ್ದರು. ಒಂದು ವರ್ಷ ಮಡಕೆ ಮಾಡುವವನು, ಒಂದು ವರ್ಷ ಬುಟ್ಟಿ ಹೆಣೆಯುವವಳು, ಒಂದು ವರ್ಷ ಗಾಣದವನು. ಆದರೆ ಸರದಿ ಬಂದ ಮಾತ್ರಕ್ಕೆ ಬಾಯಿ ತೆರೆಯುವಂತಿರಲಿಲ್ಲ. ಮೊದಲು ಅವರು ಒಂದು ಹಗಲು ಹಾಸಿನ ಮುಂದೆ ಕೂತು, ತಾವಲ್ಲದ ಇನ್ನೊಬ್ಬರಾಗಿ ಬದುಕಿ ಬರಬೇಕಿತ್ತು.

ಹಾಸು ಅಂದರೆ ಬಟ್ಟೆಯ ಮೇಲೆ ಬರೆದ ಚಿತ್ರದ ಕಥೆ. ಅಂಥ ಸುರುಳಿಗಳು ಊರಿನ ಹಾಸಿನ ಮನೆಯಲ್ಲಿ ನೂರಾರು ಇದ್ದವು. ಶುರುವಿನಲ್ಲಿ ಒಂದು ಗೇಣು ಅಗಲದ ಬಟ್ಟೆ. ಬಿಚ್ಚುತ್ತಾ ಹೋದಂತೆ ಅದು ಎರಡಾಗಿ ಸೀಳುತ್ತಿತ್ತು. ಎಡದ ಸೀಳಿನಲ್ಲಿ ಒಂದು ಕಥೆ, ಬಲದ ಸೀಳಿನಲ್ಲಿ ಒಂದು ಕಥೆ. ಮುಂದೆ ಹೋದರೆ ಆ ಸೀಳು ಮತ್ತೆ ಎರಡಾಗುತ್ತಿತ್ತು. ಹಾಸಿನ ಮನೆಯ ಹೇಳುವ ಮುದುಕಿ ಚಿತ್ರ ತೋರಿಸುತ್ತಾ ಕಥೆ ಹೇಳಿ, ಸೀಳು ಬಂದ ಕಡೆ ನಿಲ್ಲಿಸಿ, ಎಡಕ್ಕೋ ಬಲಕ್ಕೋ ಎಂದು ಕೇಳುತ್ತಿದ್ದಳು. ಕೂತವರು ಒಂದನ್ನು ಮುಟ್ಟಬೇಕು. ಮುಟ್ಟದೆ ಬಿಟ್ಟ ಸೀಳನ್ನು ಅವಳು ಸುತ್ತಿ, ದಾರ ಕಟ್ಟಿ, ತನ್ನ ಮಣೆಯ ಕೆಳಗೆ ಹಾಕಿಕೊಳ್ಳುತ್ತಿದ್ದಳು. ಅದು ಆಮೇಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಲ್ಲ ಸೀಳುಗಳ ಕೊನೆಯಲ್ಲೂ ಒಂದು ಕೊಡದ ಚಿತ್ರ. ತುಂಬಿದ ಕೊಡ ಬಂದರೆ ಕೂತವರ ಬದುಕು ಹಾಸಿನಲ್ಲಿ ದಡ ಸೇರಿತು ಎಂದು ಲೆಕ್ಕ. ಚಾವಡಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಬರಿಗೊಡ ಬಂದರೆ ಅವರ ಮಾತಿಗೆ ತೂಕವಿಲ್ಲ. ವಿಷಯ ಇದ್ದ ಹಾಗೇ ಇನ್ನೊಂದು ವರ್ಷ ಕೂರುತ್ತಿತ್ತು. ಯಾವ ಕೊಡ ಬಂತು ಎನ್ನುವುದು ಕೂತವರಿಗೆ ಮತ್ತು ಮುದುಕಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ಮುದುಕಿ ಹಾಸಿನ ಮನೆಯ ಹೊರಗೆ ಬಾಯಿ ಬಿಡುವವಳಲ್ಲ. ಕೂತವರೇ ಚಾವಡಿಗೆ ಬಂದು ಕಥೆಯನ್ನೂ ಕೊಡವನ್ನೂ ಹೇಳಬೇಕಿತ್ತು. ಇದುವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ ಎಂದು ಊರು ನಂಬಿತ್ತು. ಹೇಳಿದ್ದರೂ ಗೊತ್ತಾಗುವಂತಿರಲಿಲ್ಲ.

ಆ ವರ್ಷದ ಸರದಿ ಹಗ್ಗ ಹೊಸೆಯುವವನದು. ಆ ವರ್ಷದ ವಿಷಯ ಬಾಗಿಲಿನದು.

ದೂರದ ಒಂದು ಊರನ್ನು ಮರಳು ನುಂಗಿತ್ತು. ಅಲ್ಲಿನ ನಲವತ್ತು ಮನೆಯ ಜನ ಬಂದು ಗೋಡೆಯಾಚೆ ಹೊಂಗೆಮರಗಳ ಕೆಳಗೆ ಕೂತು ಹನ್ನೊಂದು ತಿಂಗಳಾಗಿತ್ತು. ಒಳಗೆ ಬಿಡಬೇಕೋ ಬೇಡವೋ, ಇದು ಮಾತು. ಹಗ್ಗದವನ ಹೆಂಡತಿ ಅದೇ ಮರಳೂರಿನವಳು. ಮದುವೆಯ ಹೆಣ್ಣುಗಳು ಬರಬಹುದು ಎಂದು ಬುಟ್ಟಿಯವಳು ತೀರ್ಮಾನ ಹೇಳಿದ ವರ್ಷ ಈ ಊರಿಗೆ ಬಂದಿದ್ದಳು. ಅವಳ ಒಡಹುಟ್ಟಿದ ತಂಗಿ ಈಗ ಎರಡು ಮಕ್ಕಳನ್ನು ಕಟ್ಟಿಕೊಂಡು ಹೊಂಗೆಮರದ ಕೆಳಗಿದ್ದಳು. ದಿನಾ ಬೆಳಿಗ್ಗೆ ಅಕ್ಕ ಕಿಂಡಿಯ ಹತ್ತಿರ ಹೋಗಿ ರೊಟ್ಟಿ ಕೊಡುತ್ತಿದ್ದಳು. ಕಿಂಡಿಯಲ್ಲಿ ಕೈ ಹಿಡಿಯುತ್ತಿತ್ತು, ಮುಖ ಹಿಡಿಯುತ್ತಿರಲಿಲ್ಲ. ತಂಗಿಯ ಕೈ ತೆಳ್ಳಗಾಗುತ್ತಿರುವುದನ್ನು ಅವಳು ಬಳೆಯ ಸಡಿಲದಲ್ಲಿ ನೋಡಿ ತಿಳಿಯುತ್ತಿದ್ದಳು.

ಊರವರು ಹಗ್ಗದವನನ್ನು ನೋಡಿ ನಗುತ್ತಿದ್ದರು. ಈ ಸಲದ ತೀರ್ಮಾನ ಚಾವಡಿಯಲ್ಲಲ್ಲ, ಅಡುಗೆಮನೆಯಲ್ಲಿ ಆಗುತ್ತದೆ ಎಂದು ಒಬ್ಬ. ಆಗಿಹೋಗಿದೆ, ಉಪ್ಪು ಖಾರ ಹಾಕುವುದಷ್ಟೇ ಬಾಕಿ ಎಂದು ಇನ್ನೊಬ್ಬ. ಅವನು ತಲೆ ತಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಪುಂಡಿ ನಾರು ಹೊಸೆಯುತ್ತಿದ್ದ. ಹಗ್ಗ ಹೊಸೆಯುವವರ ನಡಿಗೆಯೇ ಹಾಗೆ. ಮುಂದೆ ಏನಿದೆ ಎನ್ನುವುದಕ್ಕಿಂತ ಬಿಟ್ಟು ಬಂದದ್ದು ಅವರಿಗೆ ಚೆನ್ನಾಗಿ ಕಾಣುತ್ತದೆ.

ಅವನಿಗೆ ಒಂದೇ ಹೆದರಿಕೆ. ಬರಿಗೊಡ ಬಂದುಬಿಟ್ಟರೆ? ತಂಗಿ ಇನ್ನೊಂದು ವರ್ಷ ಮರದ ಕೆಳಗೆ. ಹೆಂಡತಿ ಮಾತ್ರ ಅದರ ಮಾತೇ ಎತ್ತಲಿಲ್ಲ. ಹಾಸಿನ ಮುಂದೆ ಕಾಲು ಮಡಚಿ ಕೂರಬೇಕು, ನಿಮಗೆ ಮಂಡಿ ನೋವು ಬರುತ್ತೆ ಎಂದು ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು. ಅದರಿಂದ ಅವನ ಹೆದರಿಕೆ ಇನ್ನೂ ಹೆಚ್ಚಾಯಿತು.

ಎಣ್ಣೆ ಬಂದದ್ದು ಗಾಣದವನ ಮನೆಯಿಂದ. ಗಾಣದವನು ಹಗ್ಗದವನ ಅಕ್ಕನ ಗಂಡ, ಭಾವ. ಆರು ವರ್ಷದ ಹಿಂದೆ ತನ್ನ ಸರದಿಯಲ್ಲಿ ತುಂಬಿದ ಕೊಡ ತಂದವನು. ಆ ಕೊಡದ ಮಾತು ಅವನ ಬಾಯಲ್ಲಿ ಇನ್ನೂ ಖಾಲಿಯಾಗಿರಲಿಲ್ಲ. ಹಾಸಿನ ಮುಂದೆ ಕೂತವರು ಒಂದು ದಾರಕ್ಕೆ ಗಂಟು ಹಾಕುತ್ತಾ ಹೋಗುವುದು ಅಲ್ಲಿನ ಪದ್ಧತಿ. ಬಲಕ್ಕೆ ಹೋದರೆ ದೊಡ್ಡ ಗಂಟು, ಎಡಕ್ಕೆ ಹೋದರೆ ಸಣ್ಣ ಗಂಟು. ಆಮೇಲೆ ಆ ದಾರವನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ನಾನು ನಡೆದ ದಾರಿ ಇದು ಎಂದು ದೇವರಿಗೆ ಒಪ್ಪಿಸಿದ ಹಾಗೆ.

ಹಗ್ಗದವನು ಭಾವನ ಮನೆಗೆ ಹೋಗಿ ಆ ದಾರ ಕೇಳಿದ. ಯಾರೂ ಹಾಗೆ ಕೇಳಿದ್ದಿಲ್ಲ. ಕೇಳಬಾರದು ಎಂದು ಕಟ್ಟಳೆಯೂ ಇರಲಿಲ್ಲ, ಯಾಕೆಂದರೆ ಕೇಳಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಹಗ್ಗದವನ ಕೆಲಸ ಅವನಿಗೆ ಒಂದು ಮಾತು ಕಲಿಸಿತ್ತು. ಒಂದು ನಾರಿಗೆ ಕೂಡಿಬಂದ ಹುರಿ ಇನ್ನೊಂದು ನಾರಿಗೂ ಕೂಡಿಬರುತ್ತದೆ. ಎಷ್ಟು ಸುತ್ತು ಎಂದು ಗೊತ್ತಿದ್ದರೆ ಸಾಕು, ಕಣ್ಣು ಮುಚ್ಚಿ ಹೊಸೆಯಬಹುದು.

"ತಗೊಂಡು ಹೋಗಯ್ಯಾ," ಅಂದ ಭಾವ. "ಏಳು ಗಂಟು ಇದಾವೆ. ಕಣ್ಣು ಮುಚ್ಚಿ ಹೋದ್ರೂ ತುಂಬಿದ ಕೊಡಾನೇ ಸಿಗುತ್ತೆ. ಸಿಕ್ಕಿದ ಮೇಲೆ ಯಾರ ಪುಣ್ಯ ಅಂತ ಮರೀಬೇಡ."

"ಮರೆಯೋಕೆ ನೀವು ಬಿಟ್ರೆ ತಾನೆ ಭಾವ."

ಮರುದಿನ ಸೂರ್ಯ ಹುಟ್ಟುವಾಗ ಅವನು ಸ್ನಾನ ಮಾಡಿ, ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಸಿನ ಮನೆಗೆ ಹೋದ. ಮುದುಕಿ ಸುರುಳಿಗಳ ರಾಶಿಯ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿದಳು. ಹೆಚ್ಚು ಕಾಳು ನಿಂತ ಸುರುಳಿಯನ್ನು ಎತ್ತಿ ಬಿಚ್ಚಿದಳು. ಮೊದಲ ಚಿತ್ರದಲ್ಲಿ ಒಂದು ಬಾವಿ. ಬಾವಿಯ ಕಟ್ಟೆಯ ಮೇಲೆ ಸೆರಗು ಬಿಗಿದು ಕೂತ ಒಬ್ಬ ಹೆಂಗಸು.

"ಇವತ್ತು ಸಾಯಂಕಾಲದ ತನಕ ನೀನು ನೀರು ಕಾಯುವವಳು," ಅಂದಳು ಮುದುಕಿ. "ನಿನ್ನ ಊರಿಗೆ ಇರುವುದು ಈ ಒಂದೇ ಬಾವಿ. ನಿನ್ನ ಊರಿಗೆ ಅರಮನೆಯೂ ಉಂಟು. ಯಾರಿಗೆ ಎಷ್ಟು ಕೊಡ ಎಂದು ನೋಡುವುದು ನಿನ್ನ ಕಾಯಕ. ತಿಳೀತೇನವ್ವಾ?"

ಅವ್ವ ಎಂದು ಕರೆದದ್ದಕ್ಕೆ ಅವನು ಮೀಸೆಯ ಮೇಲೆ ಕೈ ಇಟ್ಟುಕೊಂಡ. ಮುದುಕಿ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಕೈ ತೆಗೆದ.

ಮೊದಲ ಸೀಳು ಬಂತು. ಮುಂಜಾನೆ ದಾರಿಹೋಕನೊಬ್ಬ ಸರದಿ ಬಿಟ್ಟು ನೀರು ಕೇಳುತ್ತಾನೆ. ಕೊಡುವುದಾದರೆ ಬಲ, ಕಾಯಿಸುವುದಾದರೆ ಎಡ. ಅವನು ಸೊಂಟದ ದಾರ ತಡಕಿದ. ದೊಡ್ಡ ಗಂಟು. ಬಲಕ್ಕೆ ಮುಟ್ಟಿದ. ಮುದುಕಿ ಎಡದ್ದನ್ನು ಸುತ್ತಿ ಕಟ್ಟಿದಳು. ದಾರಿಹೋಕನು ಬಾವಿ ತೋಡುವವನಾಗಿದ್ದ. ಕುಡಿದ ನೀರಿನ ಋಣಕ್ಕೆ ಬಾವಿಗಿಳಿದು ಸೆಲೆಯ ಕಸ ತೆಗೆದು ಹೋದ. ನೀರು ಒಂದು ಮೊಳ ಏರಿತು.

ಎರಡನೆಯ ಸೀಳು. ಅರಮನೆಯವನು ಬಂದು ಬಾವಿಯ ಕಟ್ಟೆಗೆ ಅರಸನ ಮುದ್ರೆ ಬರೆಯಬೇಕು ಎನ್ನುತ್ತಾನೆ. ಒಪ್ಪಿದರೆ ಬಲ, ಒಪ್ಪದಿದ್ದರೆ ಎಡ. ದಾರದಲ್ಲಿ ಸಣ್ಣ ಗಂಟು. ಎಡಕ್ಕೆ ಮುಟ್ಟಿದ. ಅರಮನೆಯವನು ನಕ್ಕು, ಬಣ್ಣದ ಕುಡಿಕೆ ಎತ್ತಿಕೊಂಡು ಹಿಂದಕ್ಕೆ ಹೋದ. ಊರಿನ ಹೆಂಗಸರು ಬಂದು ನೀರು ಕಾಯುವವಳ ಮುಡಿಗೆ ಹೂ ಮುಡಿಸಿದರು. ಹಗ್ಗದವನಿಗೆ ಮನಸ್ಸು ಹಗುರಾಯಿತು. ಭಾವ ಬಾಯಿಬಡುಕನಾದರೂ ದಾರ ಸುಳ್ಳು ಹೇಳುವುದಿಲ್ಲ ಅಂದುಕೊಂಡ.

ಹೀಗೆ ಹಗುರಾದ ಮನಸ್ಸಿಗೆ ಕೌದಿಯವಳು ಬಂದು ಸೇರಿದಳು. ನೀರು ಕಾಯುವವಳ ನೆರೆಮನೆಯಾಕೆ, ಕೌದಿ ಹೊಲಿಯುವವಳು. ಚಿತ್ರದಲ್ಲಿ ಅವಳ ಮೂಗು ಕೊಂಚ ಸೊಟ್ಟಗಿತ್ತು. ದಿನಾ ಮಧ್ಯಾಹ್ನ ಹಳೇ ಸೀರೆಯ ತುಂಡುಗಳನ್ನು ತಂದು ಬಾವಿಕಟ್ಟೆಯ ಮೇಲೆ ಕೂತು ಹೊಲಿಯುವಳು. ಮಡಿಲಿನಲ್ಲಿ ಹುರಿದ ಹುಣಸೆಬೀಜ. ತನಗೆ ಒಂದು, ಗೆಳತಿಗೆ ಎರಡು. ನಿನ್ನ ಬಾವಿಗಿಂತ ನಿನ್ನ ಮುಖ ಆಳಕ್ಕೆ ಹೋಗಿದೆ, ಯಾವ ಹಗ್ಗ ಬಿಟ್ಟರೆ ನಗು ಮೇಲಕ್ಕೆ ಬರುತ್ತದೆ ಎಂದು ಕೇಳುವಳು. ಹೇಳುವ ಮುದುಕಿ ಅವಳ ಮಾತನ್ನು ಅವಳ ದನಿಯಲ್ಲೇ ಹೇಳುತ್ತಿದ್ದಳು. ಹಗ್ಗದವನಿಗೆ ಆ ದನಿ ಹಿಡಿಸಿಬಿಟ್ಟಿತು. ಮುಂದಿನ ಚಿತ್ರ ಬಿಚ್ಚುವಾಗ, ಕೌದಿಯವಳು ಬಂದಳೇ ಎಂದು ಅವನ ಕಣ್ಣು ಮೊದಲು ಸೊಟ್ಟ ಮೂಗನ್ನೇ ಹುಡುಕುತ್ತಿತ್ತು.

ಕೌದಿಯವಳು ಸುಮ್ಮನೆ ಹೊಲಿಯುವವಳಲ್ಲ. ಬಾವಿಗೆ ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದಳು: ಅರಮನೆಯ ಒಳಗೆ ಮೀನು ಸಾಕುವ ಕೊಳ ಇದೆ, ಆ ಕೊಳಕ್ಕೂ ಈ ಬಾವಿಗೂ ಒಂದೇ ಸೆಲೆ. ನಮ್ಮ ನೀರನ್ನು ಅಲ್ಲಿನ ಮೀನು ಕುಡಿಯುತ್ತಿವೆ.

ಮೂರನೆಯ ಸೀಳಿನಲ್ಲಿ ಅರಮನೆಯವನು ಮತ್ತೆ ಬಂದ. ಈ ಸಲ ಬಣ್ಣದ ಕುಡಿಕೆ ಇರಲಿಲ್ಲ. ಕೊಳದ ಮಾತನ್ನು ಹೇಳಿದವರು ಯಾರು ಎಂದು ಕೇಳಿದ. ಸುಮ್ಮನೆ ವಿಚಾರಿಸಿ ಬಿಡುತ್ತೇವೆ, ಕೂದಲೂ ಕೊಂಕುವುದಿಲ್ಲ. ಹೆಸರು ಹೇಳಿದರೆ ಬಾವಿಗೆ ಕಲ್ಲಿನ ಕಟ್ಟೆ, ಹೊಸ ರಾಟೆ. ಹೇಳುವುದಾದರೆ ಎಡ, ಬಾಯಿ ಮುಚ್ಚಿಕೊಳ್ಳುವುದಾದರೆ ಬಲ.

ಹಗ್ಗದವನ ಕೈ ಬಲಕ್ಕೆ ಹೋಗಿತ್ತು. ಆದರೆ ಸೊಂಟದ ದಾರದಲ್ಲಿ ಮೂರನೆಯ ಗಂಟು ಸಣ್ಣದು. ಎರಡು ಸಲ ತಡಕಿದ. ಸಣ್ಣದೇ. ಕಿಂಡಿಯಲ್ಲಿ ಚಾಚಿದ ಒಂದು ತೆಳ್ಳನೆಯ ಕೈ ಅವನ ಕಣ್ಣ ಮುಂದೆ ಬಂತು. ದಾರ ತುಂಬಿದ ಕೊಡಕ್ಕೆ ಹೋಗಿ ಬಂದ ದಾರಿ, ನನಗಿಂತ ಅದಕ್ಕೆ ಗೊತ್ತು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡ. ವಿಚಾರಿಸಿ ಬಿಡುತ್ತಾರಂತಲ್ಲ ಎಂದೂ ಹೇಳಿಕೊಂಡ. ಎಡಕ್ಕೆ ಮುಟ್ಟಿದ.

ಮುದುಕಿ ಬಲದ್ದನ್ನು ಸುತ್ತಿದಳು. ನಿಧಾನವಾಗಿ ಸುತ್ತಿದಳು. ದಾರ ಕಟ್ಟಿ ಮಣೆಯ ಕೆಳಗೆ ಹಾಕಿ, ಎಡದ್ದನ್ನು ಬಿಚ್ಚಿದಳು.

ಚಿತ್ರದಲ್ಲಿ ಇಬ್ಬರು ಕೌದಿಯವಳ ತೋಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದರು. ಅವಳು ತಿರುಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮುದುಕಿ ಕೌದಿಯವಳ ದನಿಯಲ್ಲಿ ಹೇಳಿದಳು: "ಕಟ್ಟೆ ಮೇಲೆ ನನ್ನ ಸೂಜಿ ಐತೆ ಕಣೇ. ಒದ್ದೆ ಜಾಗ, ತುಕ್ಕು ಹಿಡೀತದೆ. ತೆಗೆದಿಡು."

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜಿ, ಆ ಬಲದ್ದನ್ನು ಒಂದು ಸಲ ಬಿಚ್ಚಿ ಅಂದ ಹಗ್ಗದವನು. ಸುತ್ತಿದ್ದು ಸುತ್ತಿದ ಹಾಗೇ ಇರುತ್ತದೆ ಅಂದಳು ಮುದುಕಿ. ಅವನು ಸೊಂಟದ ದಾರವನ್ನು ಎಳೆದು ತೋರಿಸಿದ. ನಾನು ನನ್ನ ಬುದ್ಧಿಯಿಂದ ಮುಟ್ಟಲಿಲ್ಲ, ಈ ದಾರ ಹೇಳಿತು, ಇದು ನಮ್ಮ ಭಾವನದು ಅಂದ.

ಮುದುಕಿ ದಾರವನ್ನು ಕೈಗೆ ತೆಗೆದುಕೊಂಡು ಗಂಟುಗಳ ಮೇಲೆ ಬೆರಳಾಡಿಸಿದಳು. ನಿನ್ನ ಭಾವ ಅವತ್ತು ಸುಂಕದ ಕಟ್ಟೆಯವನಾಗಿದ್ದ ಅಂದಳು. ಎಷ್ಟು ಗಾಡಿ ಹಾದುಹೋದವು ಎಂದು ಅರಸ ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಎಡಕ್ಕಿತ್ತು. ಅವನ ಕಥೆಯಲ್ಲಿ ಬಾಯಿ ಬಿಡುವುದು ಸರಿ. ಅವನು ಬಿಟ್ಟ. ನಿನ್ನ ಕಥೆಯಲ್ಲಿ ಬಾಯಿ ಬಿಟ್ಟದ್ದು ನೀನು. ದಾರಕ್ಕೆ ಬಾಯಿ ಎಲ್ಲಿದೆ?

ಅವನು ದಾರವನ್ನು ವಾಪಸು ತೆಗೆದುಕೊಂಡ.

ಮುದುಕಿ ಮೆತ್ತಗೆ ಹೇಳಿದಳು: "ಇನ್ನೊಂದು ಮಾತು ಕೇಳು ತಾಯಿ. ಈ ಸೀಳು ಹಿಡಿದ ಮೇಲೆ ಮುಂದೆ ಎಲ್ಲಿ ಮುಟ್ಟಿದರೂ ಕೊನೆಗೆ ಬರಿಗೊಡವೇ. ಇಲ್ಲಿಗೆ ಬಂದವರು ಸುಮಾರು ಜನ ಎದ್ದು ಹೋಗಿದ್ದಾರೆ. ನೀನೂ ಹೋಗಬಹುದು. ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೀಯ."

ನಮ್ಮ ಅತ್ತೆ ಇಲ್ಲಿಗೆ ಬಂದಾಗ ಮೊರವನ್ನು ಕೆಳಗಿಡುತ್ತಿದ್ದರು.

ಹಗ್ಗದವನು ಏಳಲು ಹೋದ. ಮಂಡಿ ನೋಯುತ್ತಿತ್ತು. ಗೆಲ್ಲುವುದು ಇನ್ನಿಲ್ಲ, ಬಾಗಿಲು ತೆರೆಯುವುದು ಇನ್ನಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಎದ್ದ. ಹೊಸ್ತಿಲ ತನಕ ಹೋದವನು ನಿಂತ.

"ನಾನು ಎದ್ದು ಹೋದರೆ ಅವಳು ಎಲ್ಲಿರುತ್ತಾಳೆ?"

"ಅರಮನೆಯೊಳಗೆ. ಸುರುಳಿ ಸುತ್ತಿಟ್ಟರೆ ಅಲ್ಲೇ."

ಅವನು ವಾಪಸು ಬಂದು ಕಾಲು ಮಡಚಿ ಕೂತ. ಭಾವನ ದಾರವನ್ನು ಪಕ್ಕಕ್ಕಿಟ್ಟ. ಹೇಳಿ ಅಂದ.

ಆಮೇಲಿನ ಸೀಳುಗಳನ್ನು ಅವನೇ ಮುಟ್ಟಿದ. ಕಲ್ಲಿನ ಕಟ್ಟೆ ಬಂದಾಗ ಬೇಡವೆಂದ. ಅರಮನೆಯ ಮುಂದೆ ಹೋಗಿ ನಿಲ್ಲುವುದೋ, ಬಾವಿ ಕಾಯುವುದೋ ಎಂದು ಕೇಳಿದಾಗ, ನಿಲ್ಲುತ್ತೇನೆ ಎಂದ. ಒಂದು ಚಿತ್ರದಲ್ಲಿ ನಿಂತ, ಇನ್ನೊಂದು ಚಿತ್ರದಲ್ಲೂ ನಿಂತ. ಬಾವಿಕಟ್ಟೆಯಲ್ಲಿ ಈಗ ಯಾರೂ ಮಾತಾಡುತ್ತಿರಲಿಲ್ಲ. ಹೆಂಗಸರು ಕೊಡ ತುಂಬಿಕೊಂಡು ನೆಲ ನೋಡುತ್ತಾ ಹೋಗುತ್ತಿದ್ದರು. ಕೊಳದ ಮಾತು ಎತ್ತುವವರಿಲ್ಲದೆ ಕೊಳ ತುಂಬಿತು, ಬಾವಿ ಇಳಿಯಿತು. ಒಂದೊಂದೇ ಮನೆ ಗಂಟುಮೂಟೆ ಕಟ್ಟಿತು. ನೀನೂ ಹೋಗುತ್ತೀಯೋ ಇರುತ್ತೀಯೋ ಎಂದು ಮುದುಕಿ ಕೇಳಿದಳು. ಕೌದಿಯವಳು ಬಿಡುಗಡೆಯಾಗಿ ಬಂದರೆ ಬಾಗಿಲು ತೆಗೆಯುವವರು ಯಾರಾದರೂ ಬೇಕಲ್ಲ ಎಂದ. ಇದ್ದ.

ಬೆಳಕು ಬಾಡುವ ಹೊತ್ತಿಗೆ ಬಟ್ಟೆ ಕೊನೆಗೆ ಬಂತು. ಬತ್ತಿದ ಬಾವಿ. ಖಾಲಿ ಊರು. ಕಟ್ಟೆಯ ಮೇಲೆ ಬರಿಗೊಡ. ಅದರ ಪಕ್ಕದಲ್ಲಿ ತಲೆ ನೆರೆತ ಇಬ್ಬರು ಹೆಂಗಸರು. ಒಬ್ಬಳ ಮೂಗು ಸೊಟ್ಟ. ಅವಳ ಕೈಯಲ್ಲಿ ಸೂಜಿ, ಸೂಜಿಯಲ್ಲಿ ಕೆಂಪು ದಾರ. ಸೂಜಿ ಹೊಳೆಯುತ್ತಿತ್ತು.

"ಏನಂದಳು ಅವಳು?" ಎಂದು ಹಗ್ಗದವನು ಕೇಳಿದ.

"ಏನೂ ಅನ್ನಲಿಲ್ಲ. ಸರಿದು ಕೂತುಕೋ, ಬೆಳಕಿಗೆ ಅಡ್ಡ ಬರುತ್ತೀ ಅಂದಳು."

ಹಾಸಿನ ಮನೆಯ ಮೆಟ್ಟಿಲ ಮೇಲೆ ಹೆಂಡತಿ ಮಜ್ಜಿಗೆಯ ಚೊಂಬು ಹಿಡಿದು ಕಾಯುತ್ತಿದ್ದಳು. ಭಾವನೂ ಇದ್ದ. ಹಗ್ಗದವನ ಮುಖ ನೋಡಿದ ಕೂಡಲೇ ಭಾವನಿಗೆ ತಿಳಿಯಿತು. ದಾರ ವಾಪಸು ಇಸಿದುಕೊಂಡು, ಯಾವ ಗಂಟಿನಲ್ಲಿ ತಪ್ಪಿದೆ ಎಂದು ಕೇಳಿದ. ಕಥೆ ಪೂರ್ತಿ ಕೇಳಿದ ಮೇಲೆ ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ. ಇದರಲ್ಲೇನಿದೆ, ನಾಳೆ ಚಾವಡಿಯಲ್ಲಿ ಕೊಡ ತುಂಬಿತ್ತು ಅಂದುಬಿಡು. ಮುದುಕಿ ಬಾಯಿ ಬಿಡುವವಳಲ್ಲ. ನಲವತ್ತು ಮನೆಯ ಜನ ನೆರಳು ಕಾಣುತ್ತಾರೆ, ಅದಕ್ಕಿಂತ ದೊಡ್ಡ ಪುಣ್ಯ ಉಂಟಾ? ಭಾವ ಕೆಟ್ಟವನಲ್ಲ. ಅವನ ಮಾತಿನಲ್ಲಿ ಕೆಟ್ಟದ್ದೂ ಇರಲಿಲ್ಲ. ಅದೇ ಕಷ್ಟವಾಗಿತ್ತು.

ಹಗ್ಗದವನು ಹೆಂಡತಿಯ ಕಡೆ ನೋಡಿದ. ಅವಳು ಕೇಳಿದ್ದು ಬೇರೆಯೇ.

"ಅವಳು ಬಂದಳಾ, ಆ ಕೌದಿಯವಳು?"

"ಬಂದಳು."

"ಸಿಟ್ಟಿತ್ತಾ?"

"ಇರಲಿಲ್ಲ ಕಣೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಚೊಂಬನ್ನು ಅವನ ಕೈಗಿಟ್ಟಳು. ಅವನು ಎರಡು ಗುಟುಕು ಕುಡಿದು ಹೇಳಿದ: "ಕೊಡ ತುಂಬಿತ್ತು ಅಂತ ನಾನು ಅಂದರೆ, ಅವಳನ್ನ ಹಿಡಿದುಕೊಂಡು ಹೋಗಲೇ ಇಲ್ಲ ಅಂತಲೂ ಹೇಳಬೇಕಾಗುತ್ತೆ. ಎಲ್ಲ ಮೊದಲಿಂದ ಕಟ್ಟಬೇಕು. ಈ ಕಡೆ ನಿನ್ನ ತಂಗಿ ಇದ್ದಾಳೆ. ನೀನು ಏನು ಹೇಳ್ತೀಯೋ ಹಾಗೆ."

ತಂಗಿಯ ಬಳೆಯನ್ನು ನೆನೆದಳೋ ಏನೋ, ಅವಳು ತನ್ನ ಬಳೆಯನ್ನು ಒಂದು ಸುತ್ತು ತಿರುಗಿಸಿದಳು.

"ಸುಳ್ಳು ಹೇಳಿ ತಂಗೀನ ಒಳಗೆ ತಂದರೆ, ಅದು ಹೊರಗೆ ಬಿದ್ದ ದಿನ ಅವಳನ್ನೇ ಮೊದಲು ಹೊರಗೆ ಹಾಕ್ತಾರೆ," ಅಂದಳು. "ದಿನಾ ಆ ಹೆದರಿಕೆಯಲ್ಲಿ ಅವಳಿಗೆ ರೊಟ್ಟಿ ಬಡಿಸಲಾರೆ. ನಡೆದದ್ದು ಹೇಳಿ ಬನ್ನಿ. ಆಮೇಲಿಂದು ನನಗಿರಲಿ."

ಮರುದಿನ ಬೆಳಿಗ್ಗೆ ಚಾವಡಿ ತುಂಬಿತ್ತು. ಹಗ್ಗದವನು ನಡೆದದ್ದನ್ನೆಲ್ಲ ಹೇಳಿದ. ದಾರ ಎರವಲು ತಂದದ್ದನ್ನೂ ಹೇಳಿದ. ಯಾರದ್ದು ಎಂದು ಮಾತ್ರ ಹೇಳಲಿಲ್ಲ. ಭಾವ ತಾನಾಗಿ ಎದ್ದು, ನನ್ನದೇ ಎಂದು ಗೊಣಗಿ ಕೂತ. ಒಂದಿಬ್ಬರು ನಕ್ಕರು. ಆದರೆ ಸೂಜಿಯ ಮಾತು ಬಂದಾಗ ಯಾರೂ ನಗಲಿಲ್ಲ. ಅಡುಗೆಮನೆಯ ತೀರ್ಮಾನ ಎಂದು ಆಡಿಕೊಂಡವನು ತನ್ನ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಚಾವಡಿಯ ಕಟ್ಟಳೆ ನೋಡಿಕೊಳ್ಳುವ ಯಜಮಾನ ಕೊನೆಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬರಿಗೊಡ ಬಂದಿದೆ, ಕಟ್ಟಳೆ ಕಟ್ಟಳೆಯೇ, ನಿನ್ನ ಮಾತಿಗೆ ತೂಕವಿಲ್ಲ, ಬಾಗಿಲು ಮುಂದಿನ ವರ್ಷದ ತನಕ ಇದ್ದ ಹಾಗೇ ಇರುತ್ತದೆ ಎಂದ. ಹೇಳುವಾಗ ಅವನ ದನಿ ಸಣ್ಣದಾಗಿತ್ತು. ಹಗ್ಗದವನು ಕೈಮುಗಿದು ಎದ್ದ. ಅವನಿಗೆ ಅದು ಮೊದಲೇ ಗೊತ್ತಿತ್ತು.

ಮನೆಗೆ ಬಂದು ನೋಡಿದರೆ ನಡುಮನೆಯಲ್ಲಿ ಪಾತ್ರೆಗಳ ಗಂಟು. ದೇವರ ಗೂಡು ಖಾಲಿ. ಲಿಂಗದ ಕರಡಿಗೆ ಅವಳ ಮಡಿಲಲ್ಲಿತ್ತು. ನಾರಿನ ಹೊರೆಯನ್ನೂ ಹಗ್ಗ ಹೊಸೆಯುವ ರಾಟೆಯನ್ನೂ ಅವಳು ಬಾಗಿಲ ಹತ್ತಿರ ತಂದಿಟ್ಟಿದ್ದಳು.

"ಎಲ್ಲಿಗೆ?"

"ಬರೋರಿಗೆ ತಾನೆ ಚಾವಡಿ ಮಾತು ಬೇಕಾಗಿರೋದು?" ಅಂದಳು ಹೆಂಡತಿ. "ಹೋಗೋರಿಗೆ ಅಗುಳಿ ಸರಿಸಿದರೆ ಆಯ್ತು. ರಾಟೆ ಭಾರ ಐತೆ, ನೀವು ಹಿಡೀರಿ."

ಅವನು ಒಂದು ಗಳಿಗೆ ನಿಂತ. ಹುಟ್ಟಿದ ಮನೆ, ಅಪ್ಪ ಹಗ್ಗ ಹೊಸೆದ ಅಂಗಳ, ದಿನಾ ಕೈಮುಗಿದ ಗುಡಿ. ಒಂದು ಸಲ ದಾಟಿದರೆ ಮುಗಿಯಿತು. ಆಮೇಲೆ ಬಗ್ಗಿ ರಾಟೆಯನ್ನು ಹೆಗಲಿಗೇರಿಸಿದ. ಬೀದಿಯಲ್ಲಿ ಜನ ನಿಂತು ನೋಡಿದರು. ಯಾರೂ ತಡೆಯಲಿಲ್ಲ, ತಡೆಯುವ ಕಟ್ಟಳೆ ಇರಲಿಲ್ಲ. ಅಗುಳಿ ಎಷ್ಟು ವರ್ಷದಿಂದ ಸರಿದಿರಲಿಲ್ಲವೋ, ಸರಿಯುವಾಗ ಇಡೀ ಊರಿಗೆ ಕೇಳಿಸಿತು.

ಹೊಂಗೆಮರದ ಕೆಳಗೆ ತಂಗಿ ಹಿಟ್ಟು ಕಲಸುತ್ತಿದ್ದಳು. ಅಕ್ಕನನ್ನು ಕಂಡು ಎದ್ದು ನಿಂತಳು. ಹದಿನಾಲ್ಕು ವರ್ಷದ ಮೇಲೆ ಅವಳು ಅಕ್ಕನ ಮುಖ ನೋಡಿದ್ದು ಅದೇ ಮೊದಲು. ದಪ್ಪಗಾಗಿದ್ದೀ ಕಣೇ ಅಕ್ಕ, ಕೈ ನೋಡಿ ನನಗೆ ಅನುಮಾನ ಇತ್ತು ಅಂದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಅಕ್ಕನನ್ನು ತಬ್ಬಿಕೊಂಡಳು, ಇಬ್ಬರೂ ಅತ್ತರು. ಹಗ್ಗದವನು ಆ ಕಡೆ ತಿರುಗಿ ರಾಟೆ ಹೂಡುವುದಕ್ಕೆ ಗೂಟ ಹೊಡೆದ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಭಾವ ಕಿಂಡಿಗೆ ಬಂದು, ಗಾಣದೆತ್ತಿನ ಮೂಗುದಾರ ಹರಿದಿದೆ, ಒಂದು ಹೊಸೆದು ಕೊಡು ಅಂದ. ಮೂಗುದಾರವನ್ನು ಎತ್ತಿನ ಮೂಗು ನೋಡದೆ ಹೊಸೆಯುವುದು ಹೇಗೆ ಭಾವ ಅಂದ ಹಗ್ಗದವನು. ಎತ್ತಿನ ತಲೆ ಕಿಂಡಿಯಲ್ಲಿ ತೂರುವಂತಿರಲಿಲ್ಲ. ಭಾವ ಎತ್ತನ್ನೂ ಬೈದ, ಭಾಮೈದನನ್ನೂ ಬೈದ. ಮಧ್ಯಾಹ್ನದ ಹೊತ್ತಿಗೆ ಎತ್ತು ಹೊಡೆದುಕೊಂಡು ಬಾಗಿಲು ದಾಟಿ ಬಂದ. ಬಂದ ಮೇಲೆ ಅವನೂ ಹೊರಗಿನವನೇ. ಸರಿ, ಗಾಣವನ್ನೂ ಎಳೆಸಿದ. ಗಾಣ ಬಂದ ಮೇಲೆ ಎಣ್ಣೆಗೆ ಜನ ಬಂದರು. ಬಾವಿಗೆ ಹಗ್ಗ ಬೇಕಾದವರು, ತೊಟ್ಟಿಲಿಗೆ ಬೇಕಾದವರು, ಕಿಂಡಿಯಲ್ಲಿ ಅಳತೆ ಹೇಳಿ ಸಾಕಾಗಿ, ಒಬ್ಬೊಬ್ಬರಾಗಿ ಅಗುಳಿ ಸರಿಸಿದರು. ಕೆಲವರಿಗೆ ಹಗ್ಗವೇ ಬೇಕಿರಲಿಲ್ಲ. ಮಡಕೆಯವನು ಬಂದು ಎರಡು ದಿನ ಸುಮ್ಮನೆ ಅಡ್ಡಾಡಿ, ಮೂರನೆಯ ದಿನ, ಆ ಸೂಜಿಯ ಕಥೆ ಇನ್ನೊಂದು ಸಲ ಹೇಳು ಅಂದ. ಮರಳೂರಿನವರು ಹನ್ನೊಂದು ತಿಂಗಳಲ್ಲಿ ಸಣ್ಣದೊಂದು ಬಾವಿ ತೋಡಿಕೊಂಡಿದ್ದರು. ಎಲ್ಲರೂ ಸೇರಿ ಅದನ್ನು ಅಗಲ ಮಾಡಿದರು.

ವರ್ಷ ತಿರುಗುವ ಹೊತ್ತಿಗೆ ಗೋಡೆಯ ಒಳಗೆ ಉಳಿದವನು ಚಾವಡಿಯ ಯಜಮಾನ ಒಬ್ಬನೇ. ಹೇಳುವ ಮುದುಕಿ ಕೂಡ ಸುರುಳಿಗಳನ್ನು ಬುಟ್ಟಿಯಲ್ಲಿ ಹೊತ್ತು ಬಂದು, ಮರದ ಕೆಳಗೆ ಮಣೆ ಹಾಕಿದ್ದಳು. ಹೊಸ ವರ್ಷದ ವಿಷಯ ಎತ್ತುವ ದಿನ ಯಜಮಾನ ಮಡಿ ಪಂಚೆ ಉಟ್ಟು ಚಾವಡಿಯಲ್ಲಿ ಕೂತ. ಸರದಿಯವರು ಯಾರೂ ಇರಲಿಲ್ಲ. ಮಧ್ಯಾಹ್ನದ ತನಕ ಕೂತ. ಗೋಡೆಯಾಚೆಯಿಂದ ರಾಟೆಯ ಸದ್ದು, ಗಾಣದ ಸದ್ದು, ಒಗ್ಗರಣೆಯ ಸದ್ದು ಬರುತ್ತಿತ್ತು. ಅವನು ಎದ್ದು ಬಾಗಿಲ ತನಕ ನಡೆದ. ಬಾಗಿಲು ತೆರೆದೇ ಇತ್ತು. ಆದರೂ ಹೊಸ್ತಿಲ ಈಚೆಗೇ ನಿಂತ. ಕಟ್ಟಳೆಯಲ್ಲೇ ಬೆಳೆದ ಮನುಷ್ಯ, ಅಪ್ಪಣೆಯಿಲ್ಲದೆ ಕಾಲು ಮುಂದಕ್ಕೆ ಬರಲಿಲ್ಲ.

"ನಾನು ಬರಬಹುದಾ?" ಎಂದು ಕೇಳಿದ. ಯಾರನ್ನು ಕೇಳಬೇಕು ಎಂದು ಅವನಿಗೂ ತಿಳಿದಿರಲಿಲ್ಲ.

ಹಗ್ಗದವನ ಹೆಂಡತಿ ಒಲೆಯ ಮುಂದಿನಿಂದ ತಲೆ ಎತ್ತಿದಳು.

"ಬನ್ನಿ ಯಜಮಾನ್ರೇ," ಅಂದಳು. "ಈ ಕಡೆಗೆ ಬಾಗಿಲಿಲ್ಲ."

ನೀಲಗಂಗಮ್ಮನವರು ಇಷ್ಟಕ್ಕೇ ನಿಲ್ಲಿಸಿ ಬೇಳೆಯನ್ನು ನೀರಿಗೆ ಹಾಕುತ್ತಿದ್ದರು. ಓದಿದ ನೀವು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದನ್ನು ಹೇಳಿ. ಕೇಳಿದವರಿಗೆ, ಇನ್ನೊಬ್ಬರಿಗೆ ಹೇಳಿ ಎಂದು ಹೇಳಿ. ಅವಸರ ಮಾಡಬೇಡಿ. ಮತ್ತೆ, ದಯವಿಟ್ಟು ಹಗ್ಗದವನನ್ನು ಅವನು ಇದ್ದದ್ದಕ್ಕಿಂತ ಜಾಣನನ್ನಾಗಿ ಮಾಡಬೇಡಿ. ಅವನು ಕೌದಿಯವಳ ಹೆಸರು ಹೇಳಿದ. ಅದನ್ನು ಬಿಟ್ಟು ಹೇಳಿದರೆ ಇದು ಬೇರೆ ಯಾರದೋ ಕಥೆಯಾಗುತ್ತದೆ.